ಮೂಡಿಗೆರೆ ಮಳೆಯಲ್ಲಿ ಗುಮ್ಮಟ ಮನೆ: ಆರು ವರ್ಷದ ಅನುಭವ

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಗುಮ್ಮಟ ಮನೆ ಕಟ್ಟಿಸಿ ಆರು ಮಳೆಗಾಲ ಕಳೆದವು. ಅಡ್ಡಗಲ 20 ಅಡಿ. ಫೆರೋಸಿಮೆಂಟ್ ಮನೆ, ಅಂದರೆ ಬಗ್ಗಿಸಿದ ಸರಳುಗಳಿಗೆ ಚಿಕನ್ ಮೆಶ್ ಬಿಗಿದು ಒಳಗೂ ಹೊರಗೂ ಗಾರೆ ಮೆತ್ತಿದ್ದು. ದಪ್ಪ ಒಂದೂವರೆ ಇಂಚು ಅಷ್ಟೇ.

ನನಗೆ ಮರುಳು ಹಿಡಿಸಿದ್ದು ಲೆಕ್ಕ. ನೆಲ 314 ಚದರಡಿ, ಗುಮ್ಮಟದ ಮೈ 628. ಅಷ್ಟೇ ನೆಲಕ್ಕೆ ಹತ್ತಡಿ ಗೋಡೆಯ ಚೌಕ ಮನೆ ಕಟ್ಟಿದರೆ ಗೋಡೆ, ತಾರಸಿ ಸೇರಿ ಸಾವಿರ ಚದರಡಿ ದಾಟುತ್ತದೆ. ಬಿಸಿಲಿಗೆ ಸಿಗುವ ಮೈ ಕಡಿಮೆ, ಸರಿ. ಆದರೆ ಅಂಚಿನಲ್ಲಿ ತಲೆ ತಗ್ಗಿಸಿಯೇ ಓಡಾಡಬೇಕು. ಬೀರು ಗೋಡೆಗೆ ಒರಗುವುದೇ ಇಲ್ಲ. ಅದರ ಹಿಂದಿನ ಸಂದಿ ಈಗ ಬೆಕ್ಕಿನ ಪಾಲು.

ಮೊದಲ ಮಾರ್ಚ್‌ನಲ್ಲೇ ಗೊತ್ತಾಯಿತು, ಆಕಾರ ಒಂದೇ ಸಾಲದು ಅಂತ. ತೆಳು ಸಿಮೆಂಟು ಮಧ್ಯಾಹ್ನ ಕಾವಲಿ ಥರ ಕಾಯುತ್ತಿತ್ತು. ಹೊರಗೆ ಸುಣ್ಣ ಬಳಿಸಿ, ನೆತ್ತಿಯಲ್ಲಿ ಗಾಳಿಕಿಂಡಿ ತೆಗೆಸಿದೆವು. ಬಿಸಿಗಾಳಿ ಮೇಲಿಂದ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಬರುತ್ತದೆ. ಈಗ ಏಪ್ರಿಲ್‌ನಲ್ಲೂ ರಾತ್ರಿ ಫ್ಯಾನ್ ಬೇಡ. ಆದರೆ ಮಳೆ ಮುಗಿಯುವಷ್ಟರಲ್ಲಿ ಸುಣ್ಣದ ಮೇಲೆ ಪಾಚಿ ಕಟ್ಟಿ ಮನೆ ಕರಿ ಬಂಡೆಯಾಗಿರುತ್ತದೆ. ಪ್ರತಿ ಜನವರಿ ಉಜ್ಜಿ ಮತ್ತೆ ಬಳಿಯಬೇಕು.

ನಿಜವಾದ ತಲೆನೋವು ಮಳೆ. "ಗೌಡ್ರೆ, ಇದಕ್ಕೆ ಸೂರೇ ಇಲ್ವಲ್ಲ" ಅಂತ ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ. ನಾನು ನಕ್ಕಿದ್ದೆ. ಗುಮ್ಮಟದ ಮೇಲೆ ಬಿದ್ದ ನೀರು ಮೈಗುಂಟ ಇಳಿದು ನೇರ ಕಿಟಕಿ ತಲೆಗೇ ಬರುತ್ತದೆ. ಜುಲೈನಲ್ಲಿ ಚೌಕಟ್ಟು ಉಬ್ಬಿ ಬಾಗಿಲು ಹಾಕಲು ಆಗಲಿಲ್ಲ. ತ್ರಿಕೋನ ಜೋಡಿಸಿ ಕಟ್ಟುವ ಗುಮ್ಮಟ, ಅದೇ ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ 1954ರಲ್ಲಿ ಪೇಟೆಂಟ್ ಪಡೆದದ್ದು, ಕೀಲುಗಳಲ್ಲಿ ಸೋರುತ್ತದೆ ಅಂತ ಓದಿ ಕೀಲೇ ಇಲ್ಲದ್ದನ್ನು ಕಟ್ಟಿಸಿದ್ದೆ. ಕೀಲಿಲ್ಲದಿದ್ದರೇನು, ಕಿಟಕಿ ಇದೆಯಲ್ಲ! ಮೂರನೇ ವರ್ಷ ಸೋತು, ಸುತ್ತ ಹಂಚಿನ ಮಾಡು ಇಳಿಸಿದೆವು. ಗುಮ್ಮಟಕ್ಕೆ ಲಂಗ ಉಡಿಸಿದ ಹಾಗೆ ಕಾಣುತ್ತದೆ, ಆದರೆ ಸೋರುವುದು ನಿಂತಿತು.

ಚಳಿಗಾಲದ ಬೆಳಗ್ಗೆ ಅನ್ನದ ಹಬೆಗೆ ಒಳಮೈ ಬೆವರುತ್ತದೆ. ಬಚ್ಚಲು ಒಲೆ ಹೊರಗಿಟ್ಟಿದ್ದು ಪುಣ್ಯ. ಇನ್ನು ಸದ್ದು: ಗೋಲಗುಮ್ಮಟದ ಪುಟ್ಟ ತಮ್ಮ ಇದು. ಆ ಕಡೆ ಅತ್ತೆ ಗೊರಕೆ ಹೊಡೆದರೆ ಈ ಕಡೆ ನಮ್ಮ ಕಿವಿಯಲ್ಲೇ ಹೊಡೆದಂತೆ.

ಐದಕ್ಕೆ ಮೂರು ಕೊಡುತ್ತೇನೆ. ಮಳೆ ಕಡಿಮೆ ಇರುವ ಅರಸೀಕೆರೆ ಕಡೆಯವರು ಕೇಳಿದರೆ ಧೈರ್ಯವಾಗಿ ಕಟ್ಟಿಸಿ ಅಂತೀನಿ. ನಮ್ಮ ಕಡೆಯವರು ಮಾತ್ರ ಹಂಚಿನ ಮಾಡಿನ ಖರ್ಚನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಿಸಿಕೊಳ್ಳಿ.