ಖಾಲಿಯಾದ ಎರಡು ಸನ್‌ಸ್ಕ್ರೀನ್: ಜಿಂಕ್ ಕ್ರೀಮೋ, ಜೆಲ್ಲೋ?

ಎರಡೂ ಟ್ಯೂಬ್ ಖಾಲಿ. ಆದರೆ ಕೊನೆಗೆ ಕತ್ತರಿ ಹಾಕಿ ಸೀಳಿ, ಒಳಗಿದ್ದದ್ದನ್ನೆಲ್ಲ ಬೆರಳಲ್ಲಿ ಬಳಿದು ಹಚ್ಚಿಕೊಂಡಿದ್ದು ಜೆಲ್ ಮಾತ್ರ. ಅದರಲ್ಲೇ ಅರ್ಥ ಮಾಡಿಕೊಳ್ಳಿ!

ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪ. ನಮ್ಮ ಮೈಬಣ್ಣಕ್ಕೆ ಹಚ್ಚಿದರೆ ವಿಭೂತಿ ಬಳಿದ ಹಾಗೆ ಬಿಳಿ ಉಳಿಯುತ್ತದೆ, ಅದರಲ್ಲೂ ಹುಬ್ಬಿನ ಅಂಚಲ್ಲಿ, ಕೂದಲು ಶುರುವಾಗುವ ಕಡೆ. ಆದರೆ ಕಣ್ಣು ಉರಿಯುವುದಿಲ್ಲ. ಸೂಕ್ಷ್ಮ ಚರ್ಮದವರಿಗೆ ಇದೇ ವಾಸಿ. ಜೆಲ್ ಹಚ್ಚಿದ್ದೇ ಗೊತ್ತಾಗುವುದಿಲ್ಲ, ಎಣ್ಣೆ ಮುಖದವರಿಗೆ ಹೇಳಿ ಮಾಡಿಸಿದ್ದು. ಬೆವರಿನ ಜೊತೆ ಕಣ್ಣಿಗೆ ಇಳಿದರೆ ಮಾತ್ರ ಚುರುಚುರು.

ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) ನಂಬರ್ ನೋಡಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣದ ಸುಮಾರು 97%, 50 ಇದ್ದರೆ 98% ತಡೆಯುತ್ತದೆ, ಅಷ್ಟೇ. ಚರ್ಮಕ್ಕೆ ಸುಕ್ಕು ತರುವ ಯುವಿಎ ಕಿರಣಕ್ಕೆ ಟ್ಯೂಬ್ ಮೇಲೆ 'ಪಿಎ' ಅಂತ ಬರೆದಿರುವುದರ ಮುಂದಿನ ಪ್ಲಸ್ ಗುರುತು ನೋಡಿ. ಮುಖ, ಕತ್ತಿಗೆ ಎರಡು ಬೆರಳುದ್ದ ಬೇಕು, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು; 50 ಗ್ರಾಂ ಟ್ಯೂಬ್ ತಿಂಗಳುಗಟ್ಟಲೆ ಬಾಳುತ್ತಿದೆ ಅಂದರೆ ನೀವು ಕಮ್ಮಿ ಹಚ್ಚುತ್ತಿದ್ದೀರಿ ಅಂತಲೇ, ಅಲ್ವಾ?

ಆಫೀಸು, ಬಸ್ಸು ಅಂತ ಓಡಾಡುವವರು ಜೆಲ್ ತಗೊಳ್ಳಿ. ಮೊಡವೆ ಕ್ರೀಮಿನಿಂದ ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ಜಿಂಕ್. ಟಿಂಟ್ (ಮೈಬಣ್ಣದ ಛಾಯೆ) ಇರುವುದು ಸಿಕ್ಕರೆ ಬಿಳಿಯ ಕಾಟವೂ ಕಮ್ಮಿ.