ಗಡ್ಡ ಟ್ರಿಮ್ ಮಾಡಿಸಲು ಹೋಗಿ ಹುಳುಕಡ್ಡಿ ಹಚ್ಚಿಸಿಕೊಂಡು ಬಂದೆ

ಗಡ್ಡ ಟ್ರಿಮ್ ಮಾಡಿಸಿದ ಕೆಲವು ದಿನಕ್ಕೆ ದವಡೆಯ ಕೆಳಗೆ ಒಂದು ಕೆಂಪು ಗುಳ್ಳೆ ಎದ್ದಿತು. ಆಮೇಲೆ ಅದು ಉಂಗುರದ ಹಾಗೆ ಅಗಲವಾಯಿತು. ಅಂಚಿನಲ್ಲಿ ಹೊಟ್ಟು, ತಡೆಯಲಾಗದ ಕಡಿತ, ಮುಟ್ಟಿದರೆ ಕೂದಲೇ ಕಿತ್ತು ಬರುತ್ತಿತ್ತು. ಸಲೂನಿನವನಿಗೆ ತೋರಿಸಿದೆ. "ಏನಿಲ್ಲ ಸರ್, ಸೆಖೆಗೆ ಆಗಿರುತ್ತೆ" ಎಂದು ಡ್ರಾಯರಿನಿಂದ ಒಂದು ಟ್ಯೂಬ್ ತೆಗೆದುಕೊಟ್ಟ.

ಹಚ್ಚಿದ ಕೂಡಲೇ ಕಡಿತ ನಿಂತಿತು. ಆದರೆ ಉಂಗುರ ಮಾತ್ರ ಕುತ್ತಿಗೆಗೂ ಹರಡಿತು. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ನೋಡಿ, ಇದರಲ್ಲಿ ಸ್ಟಿರಾಯ್ಡ್ ಇದೆ ಎಂದರು. ಅದು ಉರಿ, ಕಡಿತ ಅಡಗಿಸುತ್ತದೆ. ಜೊತೆಗೆ ಹುಳುಕಡ್ಡಿಗೆ ಕಾರಣವಾದ ಫಂಗಸ್ ವಿರುದ್ಧ ಚರ್ಮ ಮಾಡುವ ಹೋರಾಟವನ್ನೂ ಅಡಗಿಸುತ್ತದೆ. ಫಂಗಸ್ ಆರಾಮಾಗಿ ಬೆಳೆಯುತ್ತದೆ. ಗಡ್ಡದಲ್ಲಾದರೆ ಅದು ಕೂದಲಿನ ಬುಡಕ್ಕೇ ಇಳಿಯುತ್ತದೆ, ಅಲ್ಲಿಗೆ ಮುಲಾಮು ಮುಟ್ಟುವುದಿಲ್ಲ. ಹಾಗಾಗಿ ವಾರಗಟ್ಟಲೆ ಮಾತ್ರೆ ನುಂಗಬೇಕಾಯಿತು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಗಡ್ಡ ಎಲ್ಲಿ ಮಾಡಿಸಿದಿರಿ ಎಂದು. ನನಗಿಂತ ಮುಂಚೆ ಕೂತವರ ಗಡ್ಡಕ್ಕೆ ಓಡಿಸಿದ ಟ್ರಿಮ್ಮರನ್ನು ಬ್ರಷ್ಷಿನಿಂದ ಸುಮ್ನೆ ಒರೆಸಿ ನನ್ನ ಮುಖಕ್ಕೆ ಹಿಡಿದಿದ್ದ. ಬ್ರಷ್ಷಿನಿಂದ ಹೋಗುವುದು ಕೂದಲು ಮಾತ್ರ. ಮೊದಲು ಕೂದಲು, ಜಿಡ್ಡು ತೆಗೆಯಬೇಕು, ಆಮೇಲೆ ಸೋಂಕು ಕೊಲ್ಲುವ ದ್ರಾವಣ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಬ್ಲೇಡಿನ ವಿಷಯ ಇನ್ನೂ ಭಯಂಕರ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಗಾಯಕ್ಕೆ ಎಲ್ಲರಿಗೂ ಒಂದೇ ಪಟಿಕದ ಕಲ್ಲು ಉಜ್ಜುವುದೂ ಅಪಾಯವೇ.

ಕತ್ತರಿ ಹಿಡಿಯೋಕೆ ಲೈಸೆನ್ಸ್ ಯಾಕೆ ಎಂದು ನಗುವವರಿದ್ದಾರೆ. ಅಮೆರಿಕದ ಮಿನ್ನೆಸೋಟ ರಾಜ್ಯ 1897ರಲ್ಲೇ ಕ್ಷೌರಿಕರಿಗೆ ಲೈಸೆನ್ಸ್ ಕಡ್ಡಾಯ ಮಾಡಿತ್ತು. ಕಟಿಂಗ್ ಚೆನ್ನಾಗಿ ಬರದಿದ್ದರೆ ಕೂದಲು ಮತ್ತೆ ಬೆಳೆಯುತ್ತದೆ ಬಿಡಿ, ಅದಕ್ಕೆ ಕಾನೂನು ಬೇಕಿಲ್ಲ. ಬೇಕಿರುವುದು ಚರ್ಮಕ್ಕೆ ತಾಗುವ ವಸ್ತುಗಳಿಗೆ. ಲೈಸೆನ್ಸಿಗೆಂದು ಕೇಳುವ ತರಬೇತಿಯ ಗಂಟೆಗಳು ಜಾಸ್ತಿ ಆಯಿತು ಎಂಬ ವಾದದಲ್ಲಿ ಹುರುಳಿರಬಹುದು. ಆದರೆ ಸಲಕರಣೆ ತೊಳೆಯುವುದು ಗೊತ್ತಿರಬೇಕು, ಯಾರಾದರೂ ಬಂದು ಪರೀಕ್ಷಿಸಬೇಕು, ದೂರು ಕೇಳಲು ಒಬ್ಬರಿರಬೇಕು. ನಾನು ಹೋದ ಕಡೆ ಲೈಸೆನ್ಸೇ ಇರಲಿಲ್ಲ. ದೂರಿದ್ದಕ್ಕೆ ಸಲೂನಿನವನು "ಬೇಕಿದ್ರೆ ಬೇರೆ ಕಡೆ ಹೋಗಿ" ಎಂದ, ಅಷ್ಟೇ.

ಹೇರ್ ಡೈ ಹಾಕಿಸುವವರೂ ಹುಷಾರು. ಕಪ್ಪು ಬಣ್ಣದಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಅಲರ್ಜಿಯಾಗಿ ಕೆಲವರಿಗೆ ಮುಖ ಊದಿಸಿಬಿಡುತ್ತದೆ. 48 ಗಂಟೆ ಮೊದಲೇ ಚರ್ಮದ ಮೇಲೆ ಸ್ವಲ್ಪ ಹಚ್ಚಿ ನೋಡಬೇಕು. ಹಾಗೆ ನೋಡದೆ ನೇರವಾಗಿ ತಲೆಗೆ ಹಚ್ಚಲು ಬಂದರೆ ಬೇಡ ಅನ್ನಿ. ಬ್ಲೇಡ್ ಹೊಸದು ಬೇಕು, ಅದರ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಟ್ರಿಮ್ಮರ್ ಹೇಗೆ ತೊಳೀತೀರಿ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ, ಅರ್ಧ ಗಡ್ಡ ಆಗಿದ್ದರೂ ಪರವಾಗಿಲ್ಲ, ಎದ್ದು ಬನ್ನಿ.