ತೋಳಿನ ಮೇಲಿನ ಸಕ್ಕರೆ ಸೆನ್ಸರ್: ಎರಡು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ಕಡೆಯ ಅಡಕೆ ಬೆಳೆಗಾರ ನಾನು. ಸಕ್ಕರೆ ಕಾಯಿಲೆ ಅಂಟಿಕೊಂಡು ಹನ್ನೊಂದು ವರ್ಷ, ರಾತ್ರಿ ಇನ್ಸುಲಿನ್ ಶುರುವಾಗಿ ನಾಲ್ಕು ವರ್ಷ. ಅಡಕೆ ಸುಲಿದು ದಡ್ಡುಗಟ್ಟಿದ ಬೆರಳಿಗೆ ಸೂಜಿ ಚುಚ್ಚಿದರೆ ರಕ್ತಕ್ಕಿಂತ ಮೊದಲು ಬೈಗುಳ ಬರುತ್ತಿತ್ತು. ಅದಕ್ಕೇ ತೋಳಿಗೆ ಅಂಟಿಸುವ ಹದಿನಾಲ್ಕು ದಿನದ ಸೆನ್ಸರ್ ಹಾಕಿಕೊಂಡೆ. ಎರಡು ವರ್ಷದಲ್ಲಿ ಒಂಬತ್ತು ಮುಗಿದಿವೆ.

ನೋಡಲು ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಿಲ್ಲೆ. ಅದರಡಿಯ ನವಿರಾದ ಎಳೆಯೊಂದು ಸುಮಾರು 5 ಮಿಲಿಮೀಟರ್ ಚರ್ಮದೊಳಗಿರುತ್ತದೆ. ಎಳೆಗೆ ಹಚ್ಚಿದ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸಕ್ಕರೆಯೊಡನೆ ವರ್ತಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತೇ ಮೊಬೈಲ್‌ನಲ್ಲಿ ಅಂಕಿಯಾಗಿ ಕಾಣುತ್ತದೆ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಪ್ರಯೋಗಾಲಯದ ವಿದ್ಯುದ್ವಾರಕ್ಕೆ (ಎಲೆಕ್ಟ್ರೋಡ್) ಇದೇ ಕಿಣ್ವವನ್ನು ಜೋಡಿಸುವ ದಾರಿ ತೋರಿಸಿದ್ದರು. ಈಗ ಅದೆಲ್ಲ ಒಂದು ಎಳೆಯ ತುದಿಯಲ್ಲಿ ಕುಳಿತಿದೆ, ಮೇಲೊಂದು ತೆಳು ಪಾಲಿಮರ್ ಪೊರೆ ಹೊದ್ದುಕೊಂಡು. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ, ನಮ್ಮಂಥ ಊರಿಗೆ ಅದೇ ದೊಡ್ಡ ಉಪಕಾರ. ಬೆಂಗಳೂರಿನಲ್ಲಿರುವ ಮಗನಿಗೆ ಅಂಕಿ ತಲುಪಬೇಕೆಂದರೆ ಮಾತ್ರ ಗುಡ್ಡ ಹತ್ತಬೇಕು.

ನನ್ನ ಕಣ್ಣು ತೆರೆಸಿದ್ದು ಕಡುಬು. ಹಲಸಿನ ಹಣ್ಣನ್ನೇ ಶತ್ರು ಎಂದುಕೊಂಡು ವರ್ಷಗಟ್ಟಲೆ ಬಾಯಿ ಕಟ್ಟಿದ್ದೆ. ಊಟದ ನಡುವೆ ಮೂರು ತೊಳೆ ತಿಂದ ದಿನ ಮೊಬೈಲ್‌ನಲ್ಲಿ ಸಕ್ಕರೆಯ ಗೆರೆ 160 ದಾಟಲಿಲ್ಲ. ಬೆಳಿಗ್ಗೆ ಮೂರು ಅಕ್ಕಿ ಕಡುಬು ಚಟ್ನಿ ಹಚ್ಚಿ ತಿಂದ ದಿನ ಒಂದೇ ಗಂಟೆಯಲ್ಲಿ 118ರಿಂದ 228! ಈಗ ಒಂದು ಕಡುಬು, ಅದರ ಎರಡರಷ್ಟು ಹೆಸರುಕಾಳಿನ ಪಲ್ಯ, ಆಮೇಲೆ ತೋಟಕ್ಕೊಂದು ಸುತ್ತು. ಗೆರೆ ಗುಡ್ಡವಾಗುವ ಬದಲು ದಿಣ್ಣೆಯಾಗುತ್ತದೆ. ಬೆರಳು ಚುಚ್ಚಿ ನೋಡುತ್ತಿದ್ದಾಗ ಈ ಏರಿಳಿತ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಇದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಸಕ್ಕರೆ ಬೇಗ ಏರಿಳಿಯುವಾಗ ಐದು ಹತ್ತು ನಿಮಿಷ ಹಿಂದೆ ಬೀಳುತ್ತದೆ. ಒಂದು ರಾತ್ರಿ ಮೂರು ಗಂಟೆಗೆ ಎಚ್ಚರಿಕೆಯ ಸದ್ದು, ಅಂಕಿ 58, ಅಂದರೆ ಸಕ್ಕರೆ ತೀರಾ ಕಡಿಮೆ. ಮನೆಯವಳು ಬೆಲ್ಲದ ಡಬ್ಬಿ ಹಿಡಿದು, "ಏಳಿ, ಮೊದಲು ಇದನ್ನು ಬಾಯಿಗೆ ಹಾಕಿಕೊಳ್ಳಿ" ಎಂದಳು. ಬೆವರಿಲ್ಲ, ನಡುಕವಿಲ್ಲ. ಬೆರಳು ಚುಚ್ಚಿ ನೋಡಿದರೆ 112. ಸೆನ್ಸರ್ ಇದ್ದ ತೋಳಿನ ಮೇಲೆಯೇ ಮಲಗಿದ್ದೆ. ಒತ್ತಡ ಬಿದ್ದರೆ ಇದು ಸುಳ್ಳೇ ಕಡಿಮೆ ತೋರಿಸುತ್ತದೆ. ಹಳೆಯ ಗ್ಲುಕೋಮೀಟರನ್ನು ಎಸೆಯದೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಮಳೆಗಾಲದಲ್ಲಿ ಮಾತ್ರ ನನ್ನ ಇದರ ಸಂಬಂಧ ಕೆಡುತ್ತದೆ. ಆರಿದ್ರಾ ಮಳೆ ಹಿಡಿದರೆ ಬಟ್ಟೆಯೇ ಒಣಗದ ಊರಿನಲ್ಲಿ ಅಂಟು ನಿಲ್ಲುವುದೆಲ್ಲಿ? ರೇನ್‌ಕೋಟ್ ಒಳಗಿನ ಬೆವರಿಗೆ ಅಂಚು ಏಳುತ್ತದೆ. ಒಂದು ಸೆನ್ಸರ್ ಆರನೆಯ ದಿನ ಅಂಗಿಯ ತೋಳಿನ ಜೊತೆಗೇ ಕಳಚಿ ಬಂತು. ಕಂಪನಿಯವರು ಬದಲಿ ಕೊಟ್ಟರು. ಮುಂದಿನ ತಿಂಗಳು ಇನ್ನೊಂದು ಉದುರಿದಾಗ ಫೋನಿನಲ್ಲಿ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದರೇ ಹೊರತು ಏನೂ ಕೊಡಲಿಲ್ಲ. ನಾಲ್ಕೂವರೆ ಸಾವಿರ ರೂಪಾಯಿ ಹಳ್ಳಕ್ಕೆ. ಈಗ ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಅಂಟಿಸಿ, ಸುತ್ತ ಅಂಟುಪಟ್ಟಿ ಹಾಕುತ್ತೇನೆ.

ತಿಂಗಳಿಗೆ ಎರಡರಂತೆ ವರ್ಷವಿಡೀ ಹಾಕಿಕೊಳ್ಳಲು ನನ್ನ ಅಡಕೆಗೆ ಅಷ್ಟು ಧಾರಣೆ ಇಲ್ಲ. ಇನ್ಸುಲಿನ್ ಪ್ರಮಾಣ ಬದಲಾದಾಗ, ಹಬ್ಬದ ದಿನಗಳಲ್ಲಿ ಹಾಕುತ್ತೇನೆ, ಉಳಿದಂತೆ ಬೆರಳೇ ಗತಿ. ಹತ್ತನೆಯದನ್ನು ಅಡಕೆ ಗೊನೆ ಕೊಯ್ಲಿಗೆಂದು ಎತ್ತಿಟ್ಟಿದ್ದೇನೆ. ದಿನವಿಡೀ ತೋಟದಲ್ಲಿ ಓಡಾಡಿದ ರಾತ್ರಿ ಸಕ್ಕರೆ ಎಷ್ಟು ಇಳಿಯುತ್ತದೆಂದು ಡಾಕ್ಟರಿಗೆ ತೋರಿಸಬೇಕಾಗಿದೆ.